ಓದುಗರ ಪ್ರಶ್ನೆ, ಪುಣೆಯಿಂದ ಉತ್ತರ: ಹೊತ್ತಿಗೆ ಸರಿಯಾಗಿ ಕೊಡುವುದು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಹಣದ ಬಗ್ಗೆಯೇ ಇವೆ. ದಶಮಾಂಶ (ದುಡಿಮೆಯ ಹತ್ತರಲ್ಲೊಂದು ಪಾಲು ದೇವರಿಗೆ ಕೊಡುವುದು), ಕಾಣಿಕೆ, ದಾನ, ಉಳಿತಾಯ. ನಾನು ಪಾದ್ರಿಯಲ್ಲ. ಬೆಟಗೇರಿಯಲ್ಲಿ ಹುಟ್ಟಿ, ಮದುವೆಯಾಗಿ ಪುಣೆಗೆ ಬಂದವಳು. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ 31 ವರ್ಷ ಲೆಕ್ಕ ಬರೆದೆ. ನಮ್ಮ ಕನ್ನಡ ಕ್ರೈಸ್ತ ಸಭೆಯ ಖಜಾಂಚಿಯಾಗಿ 9 ವರ್ಷ ಕಾಣಿಕೆ ಎಣಿಸಿದೆ. ಅಲ್ಲಿ ಕಂಡದ್ದು, ಸತ್ಯವೇದದಲ್ಲಿ (ಬೈಬಲಿನಲ್ಲಿ) ಓದಿದ್ದು, ಎರಡನ್ನೂ ಇಟ್ಟುಕೊಂಡು ಉತ್ತರಿಸುತ್ತೇನೆ.

ನನ್ನ ಊರು ರೋಣದ ಹತ್ತಿರ. ಹಿಂಜವಡಿಯಲ್ಲಿ ಕೆಲಸ. ಕೈಗೆ 62,000 ಬರುತ್ತದೆ. ಬಾಡಿಗೆ, ಮಗುವಿನ ಶಾಲೆ, ಊರಲ್ಲಿ ಅಪ್ಪನ ಸಕ್ಕರೆ ಕಾಯಿಲೆ ಔಷಧಿ, ಬೋರ್‌ವೆಲ್ ಸಾಲ. ಮೂರು ತಿಂಗಳಿಂದ ಊರಿಗೆ ಕಳಿಸಲು ಆಗಿಲ್ಲ. ಆದರೆ ದಶಮಾಂಶ ಒಮ್ಮೆಯೂ ತಪ್ಪಿಸಿಲ್ಲ. ನನ್ನ ಸಂಶಯ ಇಷ್ಟೇ: ಹತ್ತರಲ್ಲೊಂದು ಪಾಲು ಕಡಿತಕ್ಕೆ ಮುಂಚಿನ ಸಂಬಳದ್ದೋ, ಕೈಗೆ ಬಂದದ್ದರದ್ದೋ?
— ಓದುಗರು, ಪುಣೆ

ನಿಮ್ಮ ಸಂಶಯಕ್ಕೆ ಆಮೇಲೆ ಬರುತ್ತೇನೆ. ಅದರ ಹಿಂದಿನ ಸಾಲಿನಲ್ಲೇ ನಾನು ನಿಂತುಬಿಟ್ಟೆ. ಮೂರು ತಿಂಗಳಿಂದ ಅಪ್ಪನಿಗೆ ಹಣ ಹೋಗಿಲ್ಲ. ಹಾಗಾದರೆ ಔಷಧಿ ಹೇಗೆ ಬರುತ್ತಿದೆ? ಅಂಗಡಿಯವನು ಉದ್ರಿ ಕೊಡುತ್ತಿದ್ದಾನಾ? ಅಪ್ಪ ಗುಳಿಗೆಯನ್ನು ಅರ್ಧ ಮಾಡಿ ನುಂಗುತ್ತಿದ್ದಾರಾ? ನನ್ನ ಸ್ವಂತ ಮಾವ ಹಾಗೆ ಮಾಡುತ್ತಿದ್ದರು. ನಮಗೆ ಗೊತ್ತಾಗಿದ್ದು ಅವರು ಆಸ್ಪತ್ರೆ ಸೇರಿದ ಮೇಲೆ.

ಮಾರ್ಕನ 7ನೇ ಅಧ್ಯಾಯದಲ್ಲಿ ‘ಕೊರ್ಬಾನ್’ ಎಂಬ ಮಾತು ಬರುತ್ತದೆ. ದೇವರಿಗೆ ಮೀಸಲಿಟ್ಟದ್ದು ಎಂದು ಅರ್ಥ. ಇದು ಕೊರ್ಬಾನ್ ಎಂದು ಹೇಳಿ, ತಂದೆತಾಯಿಗೆ ಆಗಬೇಕಾದ ಸಹಾಯದಿಂದ ಕೆಲವರು ತಪ್ಪಿಸಿಕೊಳ್ಳುತ್ತಿದ್ದರು. ಯೇಸು ಅಲ್ಲಿ ಬಹಳ ಕಟುವಾಗಿ ಮಾತಾಡುತ್ತಾನೆ. ನೀವು ತಪ್ಪಿಸಿಕೊಳ್ಳುವವರಲ್ಲ, ಅದು ಪತ್ರದಲ್ಲೇ ಕಾಣುತ್ತದೆ. ಹೆದರಿ ಕೊಡುತ್ತಿದ್ದೀರಿ. ಆದರೆ ಅಪ್ಪನ ಕಡೆಯಿಂದ ನೋಡಿದರೆ ಎರಡೂ ಒಂದೇ ಅಲ್ವಾ?

ದಶಮಾಂಶ ಅಂದ ಕೂಡಲೇ ಎಲ್ಲರೂ, ದಶಮಾಂಶವನ್ನೆಲ್ಲ ಉಗ್ರಾಣಕ್ಕೆ ತನ್ನಿ ಎನ್ನುವ ಮಲಾಕಿಯ 3:10 ಹೇಳುತ್ತಾರೆ. ಧರ್ಮೋಪದೇಶಕಾಂಡದ 14ನೇ ಅಧ್ಯಾಯದ ಕೊನೆಯನ್ನು ಜಾಸ್ತಿ ಜನ ಓದುವುದಿಲ್ಲ. ಮೂರನೇ ವರ್ಷದ ದಶಮಾಂಶವನ್ನು ಊರಲ್ಲೇ ಇಡಬೇಕು. ಲೇವಿಯರು (ದೇವರ ಸೇವೆಯ ಕುಲದವರು), ಪರದೇಶದವರು, ತಂದೆಯಿಲ್ಲದ ಮಕ್ಕಳು, ವಿಧವೆಯರು ಬಂದು ಹೊಟ್ಟೆ ತುಂಬ ಉಣ್ಣಬೇಕು ಎಂದು ಅಲ್ಲಿದೆ. ಹತ್ತರಲ್ಲೊಂದು ಎನ್ನುವ ಲೆಕ್ಕ ಅಲ್ಲಿ ಊಟಕ್ಕೆ ಹೋಗಿ ಮುಟ್ಟುತ್ತದೆ.

ನಮ್ಮ ಕನ್ನಡ ಸತ್ಯವೇದದಲ್ಲಿ ನನಗೆ ಬಹಳ ಇಷ್ಟವಾದ ಒಂದು ಪದವಿದೆ. ಮನೆವಾರ್ತೆಯವನು. ಯಜಮಾನನ ಆಸ್ತಿ ನೋಡಿಕೊಳ್ಳುವ ಆಳು. ಲೂಕನ 12ನೇ ಅಧ್ಯಾಯದಲ್ಲಿ ಅವನ ಕೆಲಸ ಏನೆಂದು ಹೇಳಿದೆ: ಮನೆಯವರಿಗೆಲ್ಲ ಹೊತ್ತು ಹೊತ್ತಿಗೆ ಆಹಾರ ಅಳೆದು ಕೊಡುವುದು. ಅಷ್ಟೇ. ಉಗ್ರಾಣದ ಕೀಲಿಕೈ ಅವನ ಸೊಂಟದಲ್ಲಿದೆ, ಕಾಳು ಅವನದಲ್ಲ, ಉಣ್ಣುವವರು ಕಾಯುತ್ತಿದ್ದಾರೆ. ನಿಮ್ಮ 62,000 ಆ ಉಗ್ರಾಣ. ಅಪ್ಪ ಆ ಮನೆಯವರಲ್ಲಿ ಒಬ್ಬರು. ಸಭೆಯೂ ಒಂದು, ಮಗುವೂ ಒಂದು.

ಇವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ. ಔಷಧಿಗೆ ತಿಂಗಳಿಗೆ ಎಷ್ಟು ಎಂದು ಅವ್ವನನ್ನು ಕೇಳಿ, ಅಪ್ಪ ಸರಿಯಾಗಿ ಹೇಳಲಿಕ್ಕಿಲ್ಲ. ಸಂಬಳ ಬಂದ ದಿನವೇ ಅದು ಊರಿಗೆ ಹೋಗಲಿ. ಸಭೆಗೆ ಸದ್ಯ 2,000 ಕೊಡಿ, ಕಾರಣ ಪಾದ್ರಿಗಳಿಗೆ ಮುಚ್ಚಿಡದೆ ಹೇಳಿ. ಬೋರ್‌ವೆಲ್ ಸಾಲ ತೀರಿದ ತಿಂಗಳು ಹೆಚ್ಚಿಸಿ. ಇನ್ನು ನಿಮ್ಮ ಸಂಶಯ: ಪಿಎಫ್ ಕಡಿತದ ಬಗ್ಗೆ ಸತ್ಯವೇದದಲ್ಲಿ ಏನೂ ಇಲ್ಲ. ಒಂದು ಲೆಕ್ಕ ಹಿಡಿಯಿರಿ, ಅದಕ್ಕೆ ಅಂಟಿಕೊಳ್ಳಿ. ಕೊಟ್ಟರೆ ನೂರು ಪಟ್ಟು ವಾಪಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಆಸೆ ಹಚ್ಚಿ ಬಡವರ ಕೈಯಿಂದ ಹಣ ತೆಗೆಸುವುದನ್ನು ಕಂಡರೆ ನನಗೆ ತುಂಬ ಸಂಕಟವಾಗುತ್ತದೆ.

ಹಾವೇರಿ ಕಡೆಯವಳು. ವಾಸ್ಕೋದಲ್ಲಿ ನಾಲ್ಕು ಮನೆಯ ಕೆಲಸ ಮಾಡುತ್ತೇನೆ. ಪ್ರತಿ ಭಾನುವಾರ 20 ರೂಪಾಯಿ ಹಾಕುತ್ತೇನೆ. ನಮ್ಮಲ್ಲಿ ಕೊಟ್ಟವರ ಹೆಸರು, ಮೊತ್ತ ಓದುತ್ತಾರೆ. ಬೆಳೆ ಹಬ್ಬಕ್ಕೆ ಮನೆಗೆ 1,000 ಅಂದಿದ್ದಾರೆ. ಸಾಲ ಮಾಡಿ ಕೊಡಬಹುದಾ?
— ಓದುಗರು, ಗೋವಾ

ಬೇಡ ತಂಗಿ. ಖಂಡಿತ ಬೇಡ. ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯ ತೆಗೆದು ನೋಡು. ಮನಸ್ಸಿದ್ದರೆ ಸಾಕು, ಇದ್ದುದರಲ್ಲಿ ಕೊಟ್ಟರೆ ಅದು ಒಪ್ಪಿಗೆ. ಇಲ್ಲದ್ದನ್ನು ಯಾರೂ ಕೇಳುವುದಿಲ್ಲ ಎಂದು ಅಲ್ಲಿದೆ.

ನಾನು ಕಾಣಿಕೆ ಎಣಿಸುವಾಗ ಕಂಡದ್ದನ್ನು ನಿನಗೆ ಹೇಳಬೇಕು. ಆರಾಧನೆ ಮುಗಿದ ಮೇಲೆ ಇಬ್ಬರು ಕೂತು ಎಣಿಸುತ್ತಿದ್ದೆವು. ಒಬ್ಬರೇ ಎಣಿಸಬಾರದು, ಅದು ನಮ್ಮ ಕಟ್ಟಳೆ. ಚೀಲ ಸುರುವಿದಾಗ ಕೆಲವು ನೋಟು ಗರಿಗರಿಯಾಗಿ ಇರುತ್ತಿದ್ದವು. ಕೆಲವು ಎಂಟು ಮಡಿಕೆಯಾಗಿ, ಬೆರಳುಗುರಿನಷ್ಟು ಆಗಿರುತ್ತಿದ್ದವು. ಬಿಡಿಸಿದರೆ ಒಳಗೆ ಬೆವರಿನ ಹಸಿ. ಕೆಲವಕ್ಕೆ ಅರಿಸಿನದ ಕಲೆ. ಎಷ್ಟು ಒತ್ತಿದರೂ ಆ ನೋಟು ಸಪಾಟಾಗುತ್ತಿರಲಿಲ್ಲ. ರಬ್ಬರ್ ಬ್ಯಾಂಡ್ ಹಾಕಿದರೆ ಆ ಕಟ್ಟು ಉಬ್ಬಿಕೊಂಡೇ ಇರುತ್ತಿತ್ತು. ಬ್ಯಾಂಕಿಗೆ ಒಯ್ಯುವಾಗ ನನ್ನ ಚೀಲದಲ್ಲಿ ಜಾಗ ಹಿಡಿಯುತ್ತಿದ್ದುದು ಆ ಕಟ್ಟೇ. ಯಾರು ಹಾಕಿದ್ದೆಂದು ನಮಗೆ ಗೊತ್ತಾಗುತ್ತಿರಲಿಲ್ಲ. ಎಷ್ಟು ಹೊತ್ತು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು ಎಂಬುದು ಮಾತ್ರ ಗೊತ್ತಾಗುತ್ತಿತ್ತು.

ಎರಡು ಕಾಸು ಹಾಕಿದ ವಿಧವೆಯ ಕಥೆ ನಿನಗೆ ಗೊತ್ತೇ ಇದೆ. ಅದು ಮಾರ್ಕನ 12ನೇ ಅಧ್ಯಾಯದ 41ನೇ ವಚನದಿಂದ ಶುರು. ಅದರ ಹಿಂದಿನ ವಚನವೇ, ವಿಧವೆಯರ ಮನೆ ನುಂಗುವ ಶಾಸ್ತ್ರಿಗಳ ಬಗ್ಗೆ ಯೇಸು ಕೊಟ್ಟ ಎಚ್ಚರಿಕೆ. ಆ ಕಥೆ ಓದಿ ಬಡವರಿಂದ ಹಣ ಕೇಳುವ ಮುಂಚೆ, ನಮ್ಮ ಕಮಿಟಿಗಳು ಈ ವಚನವನ್ನೂ ಜೋರಾಗಿ ಓದಬೇಕು. ಹೆಸರು, ಮೊತ್ತ ಓದುವುದನ್ನು ನಾವು ಪುಣೆಯಲ್ಲಿ ನಿಲ್ಲಿಸಿದೆವು. ಒಟ್ಟು ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂದು ಬಾಗಿಲ ಬಳಿ ಹಚ್ಚುತ್ತೇವೆ. ನಿಮ್ಮ ಸಭೆಯ ಹಿರಿಯರಿಗೆ ಈ ಪುಟವನ್ನೇ ತೋರಿಸು.

ಬೆಳೆ ಹಬ್ಬಕ್ಕೆ ಏನು ಒಯ್ಯಲಿ ಎನ್ನುತ್ತೀಯಾ? ನಮ್ಮ ಅವ್ವ ಜೋಳವನ್ನು ಗಿರಣಿಗೆ ಒಯ್ಯುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಆ ಡಬ್ಬಿ ಸುಗ್ಗಿಯ ಹೊತ್ತಿಗೆ ತುಂಬುತ್ತಿತ್ತು. ಬರದ ವರ್ಷ ಅರ್ಧವೇ ತುಂಬಿತು. ಅರ್ಧವನ್ನೇ ಹೊತ್ತುಕೊಂಡು ಹೋದಳು, ಮುಖದಲ್ಲಿ ಸಂಕೋಚವೇ ಇರಲಿಲ್ಲ. ಮಿಜೋರಾಮಿನ ಸಭೆಗಳಲ್ಲಿ ಹೆಂಗಸರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೀಗೇ ಮಾಡುತ್ತ ಬಂದಿದ್ದಾರೆ. ಅಡುಗೆಗೆ ಕುಳಿತಾಗಲೆಲ್ಲ ಒಂದು ಹಿಡಿ ಅಕ್ಕಿ ಬೇರೆ. ಅಲ್ಲಿನ ಸಭೆಯ ಎಷ್ಟೋ ಕೆಲಸ ಆ ಹಿಡಿಯಿಂದಲೇ ನಡೆದಿದೆ. ನಿನಗೆ ರೊಟ್ಟಿ ಬಡಿಯಲು ಬರುತ್ತದೆ ಅಲ್ವಾ? ಹತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಒಯ್ಯಿ. ಹಬ್ಬಕ್ಕೆ ಬಂದ ಪದಾರ್ಥಗಳ ಹರಾಜಿನಲ್ಲಿ ವಾಸ್ಕೋದಲ್ಲಿರುವ ನಮ್ಮ ಕಡೆಯ ಜನ ಅದನ್ನು ಬಿಡುತ್ತಾರಾ ನೋಡು.

ಕಾಣಿಕೆಗೆ ರಸೀದಿ ಪಡೆದು ತೆರಿಗೆ ವಿನಾಯಿತಿ ಕೇಳಿದರೆ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿದಂತಾಗುವುದಿಲ್ಲವೇ?
— ಓದುಗರು, ಮುಂಬೈ

ಆಗುವುದಿಲ್ಲ. ಯೇಸುವಿನ ಆ ಮಾತು ಜನರ ಮುಂದೆ ಮೆರೆಯುವುದರ ಬಗ್ಗೆ. ಪೌಲನೂ ಯೆರೂಸಲೇಮಿನ ಬಡವರಿಗೆ ಹಣ ಒಯ್ಯುವಾಗ, ಯಾರೂ ತಪ್ಪು ಹುಡುಕಬಾರದೆಂದು ಜೊತೆಗೆ ಬೇರೆಯವರನ್ನು ಕರೆದುಕೊಂಡ. ರಸೀದಿ ತಗೊಳ್ಳಿ. ಆದರೆ ಟ್ರಸ್ಟಿಗೆ ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ (80ಜಿ ಎಂದು ಕರೆಯುವುದು) ಇದೆಯಾ ಕೇಳಿ, ಎಲ್ಲ ಸಭೆಗಳಿಗೂ ಇರುವುದಿಲ್ಲ. 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ.

ಮುಂದಿನ ವರ್ಷ ನಿವೃತ್ತಿ. ಪ್ರಾರ್ಥನಾ ಕೂಟದಲ್ಲಿ ಒಬ್ಬರು, ಕೂಡಿಡುವುದೆಂದರೆ ನಂಬಿಕೆ ಇಲ್ಲದಿರುವುದು ಎಂದರು. ಬರುವ ಹಣವನ್ನೆಲ್ಲ ದಾನ ಮಾಡಬೇಕೇ?
— ಓದುಗರು, ಚೆಂಬೂರು

ಯೋಸೇಫನು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ), ಮುಂದೆ ಬರುವ ಬರಕ್ಕೆಂದು ಏಳು ವರ್ಷ ಬೆಳೆಯ ಐದರಲ್ಲೊಂದು ಪಾಲು ಕೂಡಿಟ್ಟ. ಅವನಿಗೆ ನಂಬಿಕೆ ಇರಲಿಲ್ಲವೇ? ಆ ಕಾಳು ಯಾರಿಗೋಸ್ಕರ ಎಂಬುದನ್ನು ಮಾತ್ರ ಅವನು ಮರೆಯಲಿಲ್ಲ.

ಒಂದು ದಿನ ಬಿಡುವು ಮಾಡಿಕೊಂಡು ಕೇಡಗಾವಿಗೆ ಬನ್ನಿ. ಪುಣೆಯಿಂದ ದೌಂಡ್ ಕಡೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಆಸರೆಯಾದ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇರುವುದು ಅಲ್ಲೇ. ರಮಾಬಾಯಿ ನಮ್ಮ ಕರ್ನಾಟಕದ ನೆಲದಲ್ಲೇ, ಪಶ್ಚಿಮ ಘಟ್ಟದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗೆಂದು ಶಾರದಾ ಸದನ ಎಂಬ ಶಾಲೆ ತೆರೆದರು, ಮರುವರ್ಷ ಪುಣೆಗೆ ತಂದರು. ಅಮೆರಿಕದವರು ಹಣ ಕೊಡುತ್ತೇವೆಂದು ಒಪ್ಪಿಕೊಂಡದ್ದು ಹತ್ತು ವರ್ಷಕ್ಕೆ ಮಾತ್ರ. ಮುಂದೇನು ಎಂದು ಯೋಚಿಸಿ ಅವರು ಕೇಡಗಾವಿನಲ್ಲಿ ಹೊಲ ಕೊಂಡರು. ಹಣ್ಣಿನ ತೋಟ ಮಾಡಿದರೆ ಸದನ ಅದರ ಮೇಲೆ ನಡೆಯುತ್ತದೆ ಎಂದು. ಇದು ಕೂಡಿಡುವುದೇ ಅಲ್ಲವೇ? ಅಷ್ಟರಲ್ಲಿ 1896ರ ಬರ ಬಂತು. ಮಧ್ಯ ಪ್ರಾಂತ್ಯಕ್ಕೆ ಹೋಗಿ, ಹಸಿದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಅವರಿಗೆ ತಲೆ ಮೇಲೆ ಸೂರು ಸಿಕ್ಕಿದ್ದು ಆ ಹೊಲದಲ್ಲೇ. ಹೊಲ ಕೊಂಡಿರದಿದ್ದರೆ ಎಲ್ಲಿ ಇಳಿಸುತ್ತಿದ್ದರು? ಬೇಲಿ ಬಿಗಿದು, ಇದು ನಮ್ಮ ಮುಂದಿನ ದಿನಗಳಿಗೆ ಎಂದಿದ್ದರೆ ಆ ಮಕ್ಕಳು ಏನಾಗುತ್ತಿದ್ದರು? ನಾನು ಕೇಡಗಾವಿಗೆ ಹೋದಾಗಲೆಲ್ಲ ಈ ಎರಡೂ ಪ್ರಶ್ನೆ ಒಟ್ಟಿಗೇ ಏಳುತ್ತವೆ.

ನಿಮ್ಮ ಮತ್ತು ಮನೆಯಾಕೆಯ ಔಷಧೋಪಚಾರಕ್ಕೆ, ದಿನದ ಖರ್ಚಿಗೆ ಮೊದಲು ತೆಗೆದಿಡಿ. ಮಕ್ಕಳ ಮೇಲೆ ಬೀಳದಿರುವುದೂ ಅವರಿಗೆ ಕೊಟ್ಟ ಹಾಗೇ. ಉಳಿದದ್ದರಲ್ಲಿ ಒಂದು ಭಾಗವನ್ನು ಬೇರೆ ಪಾಸ್‌ಬುಕ್ಕಿನಲ್ಲಿಡಿ. ಅದು ಮೊದಲ ದಿನದಿಂದಲೇ ಬೇರೆಯವರದು. ನಮ್ಮ ಮನೆಯಲ್ಲಿ ಅಂಥ ಪಾಸ್‌ಬುಕ್ ಇದೆ. ಯಾರಾದರೂ ಬಾಗಿಲಿಗೆ ಬಂದಾಗ ಕೊಡಲೋ ಬೇಡವೋ ಎಂದು ಗಂಡ ಹೆಂಡತಿ ಜಗಳ ಆಡುವುದು ಅವತ್ತಿಗೆ ನಿಂತಿತು.

ಹಣ ಬಿಟ್ಟು ಬೇರೆ ಏನಿದೆ ನಿಮ್ಮ ಹತ್ತಿರ? ಕನ್ನಡ, ಹಿಂದಿ, ಮರಾಠಿ ಮೂರೂ ಇವೆ. ಚೆಂಬೂರಿನಿಂದ ಪರೇಲ್ ದೂರವಿಲ್ಲ. ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ನಮ್ಮ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಎಷ್ಟೋ ಜನ ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲಿ ಉಳಿದುಕೊಳ್ಳುತ್ತಾರೆ. ಫಾರ್ಮ್ ತುಂಬಲು, ಯಾವ ಮಹಡಿ ಎಂದು ಕೇಳಲು ಅವರಿಗೆ ಒಂದು ಕನ್ನಡದ ಬಾಯಿ ಬೇಕು.

ಕೆಲಸದಾಕೆ ಕ್ರಿಸ್ಮಸ್‌ಗೆ ಒಂದು ತಿಂಗಳ ಸಂಬಳ ಹೆಚ್ಚಿಗೆ ಕೇಳುತ್ತಾಳೆ. ಕೊಟ್ಟರೆ ಅದನ್ನು ದಶಮಾಂಶದಲ್ಲಿ ಹಿಡಿಯಬಹುದೇ?
— ಓದುಗರು, ಕೋಥ್ರೂಡ್

ಹಿಡಿಯಬೇಡಿ. ವರ್ಷವಿಡೀ ನಿಮ್ಮ ಮನೆ ತೊಳೆದವಳಿಗೆ ಹಬ್ಬಕ್ಕೆ ಕೊಡುವುದು ದಾನವಲ್ಲ, ಅವಳ ಹಕ್ಕಿನದು. ಕೂಲಿಯ ವಿಷಯದಲ್ಲಿ ಧರ್ಮೋಪದೇಶಕಾಂಡ 24 ಬಹಳ ಖಡಕ್. ಬಡವನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕು, ಅವನ ಮನಸ್ಸೆಲ್ಲ ಅದರ ಮೇಲೇ ಇರುತ್ತದೆ ಎಂದಿದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಖಜಾಂಚಿಯಾಗಿದ್ದಾಗ ಒಂದು ತಿಂಗಳು ಚೆಕ್ಕಿಗೆ ಎರಡನೇ ಸಹಿ ಸಿಗಲಿಲ್ಲ. ಸಹಿ ಮಾಡಬೇಕಾದವರು ಊರಿಗೆ ಹೋಗಿದ್ದರು. ಸಭೆಯ ಕಸ ಗುಡಿಸುವ ಅಜ್ಜಿಯ ಸಂಬಳ 19 ದಿನ ತಡವಾಯಿತು. ನಿಯಮ ನಿಯಮವೇ ಎಂದು ನಾನು ಸುಮ್ನೆ ಇದ್ದೆ. ಅವಳು ಕೇಳಲಿಲ್ಲ. ದಿನಾ ಬಂದು ಗುಡಿಸಿದಳು. ಇಪ್ಪತ್ತನೇ ದಿನ ಹಣ ಕೊಟ್ಟಾಗ ಅವಳ ಕಿವಿಯಲ್ಲಿ ಓಲೆ ಇರಲಿಲ್ಲ, ತೂತಿಗೆ ಕಸಬರಿಗೆಯ ಕಡ್ಡಿ ಚುಚ್ಚಿಕೊಂಡಿದ್ದಳು. ಓಲೆ ಅಡವಿಟ್ಟು ರೇಷನ್ ತಂದಿದ್ದಳು. ಬಿಡಿಸಿಕೊಳ್ಳುವ ಹಣ ನಾನು ಕೈಯಿಂದ ಕೊಟ್ಟೆ, ಕ್ಷಮೆ ಕೇಳಿದೆ. ಮುಂದಿನ ಕಮಿಟಿಯಲ್ಲಿ ಸಂಬಳಕ್ಕೆಂದು ನಗದು ಪೆಟ್ಟಿಗೆ ಬೇರೆ ಇಡಿಸಿದೆ. ಆ ಕಡ್ಡಿ ಇನ್ನೂ ನನ್ನ ಕಣ್ಣ ಮುಂದಿದೆ.

ನಿಮ್ಮ ಕೆಲಸದಾಕೆಯ ಈ ತಿಂಗಳ ಸಂಬಳ ಆಗಿದೆಯೇ? ಆಗಿರದಿದ್ದರೆ ಈ ಪುಟ ಮಡಚಿಟ್ಟು ಮೊದಲು ಕೊಟ್ಟುಬನ್ನಿ. ಹಬ್ಬದ ಹಣ ಡಿಸೆಂಬರ್ ಮೊದಲ ವಾರದಲ್ಲೇ ಕೊಡಿ. ಮಕ್ಕಳ ಬಟ್ಟೆ ಹೊಲಿಸಲು ಅವಳಿಗೂ ದಿನ ಬೇಕು.