ಕ್ಯಾಲಿಫೋರ್ನಿಯಾದ ಸಿಟಿ ಕೌನ್ಸಿಲ್ ಸಭೆಯಲ್ಲಿ ಹತ್ತಾರು ವಿಷಯ ಚರ್ಚೆಯೇ ಇಲ್ಲದೆ ಒಂದೇ ಏಟಿಗೆ ಪಾಸಾಗುವುದು ಹೇಗೆ?

ಅದಕ್ಕೆ 'ಕನ್ಸೆಂಟ್ ಕ್ಯಾಲೆಂಡರ್' ಅಂತಾರೆ. ಫ್ರೀಮಾಂಟ್, ಕ್ಯುಪರ್ಟಿನೋ ತರಹದ ಊರುಗಳಲ್ಲಿ ಹೋದ ಸಭೆಯ ನಡಾವಳಿ, ರಸ್ತೆ ಕೆಲಸದ ಗುತ್ತಿಗೆಯಂಥ ತಕರಾರಿಲ್ಲದ ವಿಷಯಗಳನ್ನೆಲ್ಲ ಒಟ್ಟು ಸೇರಿಸಿ ಒಂದೇ ಸಲ ಮತಕ್ಕೆ ಹಾಕುತ್ತಾರೆ. ಸದಸ್ಯರು 'ಆಯ್' (ಒಪ್ಪಿಗೆ ಇದೆ) ಅಂದರೆ ಮುಗೀತು.

ಹಾಗಂತ ಇದು ಕದ್ದುಮುಚ್ಚಿ ಮಾಡುವ ಕೆಲಸ ಅಲ್ಲ. ಸ್ಥಳೀಯ ಸಂಸ್ಥೆಗಳ ಸಭೆ ಜನರಿಗೆ ತೆರೆದಿರಬೇಕು ಅನ್ನುವ ಕ್ಯಾಲಿಫೋರ್ನಿಯಾದ 1953ರ ಬ್ರೌನ್ ಕಾಯ್ದೆ ಪ್ರಕಾರ ಮಾಮೂಲಿ ಸಭೆಯ ಅಜೆಂಡಾವನ್ನು ಕನಿಷ್ಠ 72 ಗಂಟೆ ಮೊದಲೇ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. ಯಾವುದಾದರೂ ವಿಷಯ ಚರ್ಚೆಯಾಗಲೇಬೇಕು ಅನ್ನಿಸಿದರೆ ಸದಸ್ಯರು ಅದನ್ನು ಆ ಪಟ್ಟಿಯಿಂದ ಹೊರಗೆ ತೆಗೆಸಬಹುದು. ಮತ ಹಾಕುವ ಮುಂಚೆ ನೀವೂ ಮೈಕ್ ಮುಂದೆ ನಿಂತು ಮಾತಾಡಬಹುದು. ಸಾಮಾನ್ಯವಾಗಿ ಎರಡು-ಮೂರು ನಿಮಿಷ ಸಿಗುತ್ತೆ, ಜಾಸ್ತಿ ಇಲ್ಲ.

ಒಂದು ವಿಷಯ ಗೊತ್ತಿರಲಿ. ನಿಮ್ಮ ಬೀದಿಯ ದೀಪ ಉರೀತಿಲ್ಲ, ಅದು ಅಜೆಂಡಾದಲ್ಲಿ ಇಲ್ಲ ಅಂತಿಟ್ಟುಕೊಳ್ಳಿ. ನೀವು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ, ಆದರೆ ಅವತ್ತೇ ತೀರ್ಮಾನ ಮಾಡಲು ಕಾಯ್ದೆ ಬಿಡುವುದಿಲ್ಲ. ಸುಮ್ನೆ ಹೇಳಿ ಹೋದೆ ಅಂತ ಬೇಜಾರು ಮಾಡಿಕೊಂಡು ಎದ್ದು ಬರಬೇಡಿ. ಸಿಬ್ಬಂದಿಗೆ ಒಪ್ಪಿಸಿ, ಇಲ್ಲಾಂದ್ರೆ ಮುಂದಿನ ಅಜೆಂಡಾಗೆ ಸೇರಿಸಿ ಅಂತ ಅಲ್ಲೇ ಕೇಳಿ.