ಜಾಗತೀಕರಣ ಓದೋಕೆ ಊರು ಬಿಡಬೇಕಾ?

ತುಮಕೂರು ಜಿಲ್ಲೆಯ ಓದುಗರೊಬ್ಬರ ಪತ್ರ: "ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಕಿರುಪ್ರಬಂಧಕ್ಕೆ 'ಜಾಗತೀಕರಣ ಮತ್ತು ಸಾಮಾಜಿಕ ಬದಲಾವಣೆ' ಎಂಬ ವಿಷಯ ಸಿಕ್ಕಿದೆ. ನಮ್ಮ ಊರಲ್ಲಿ ಕಂಪನಿ ಇಲ್ಲ, ಮಾಲ್ ಇಲ್ಲ. ರಾಗಿ, ತೆಂಗು, ಕೆಲವರ ಹೊಲದಲ್ಲಿ ಮಿಡಿಸೌತೆ, ಅಷ್ಟೇ. ಬೆಂಗಳೂರಿಗೆ ಹೋಗಿ ಐಟಿಯವರನ್ನು ಮಾತಾಡಿಸಬೇಕೇ? ಇದನ್ನೆಲ್ಲ ಓದಿದರೆ ಕೆಲಸ ಸಿಗುತ್ತಾ ಅಂತ ಅಪ್ಪ ಬೇರೆ ಕೇಳುತ್ತಾರೆ."

ಸಂಪಾದಕರ ಉತ್ತರ:

ಬೆಂಗಳೂರಿಗೆ ಹೋಗಬೇಡಿ. "ಕೆಲವರ ಹೊಲದಲ್ಲಿ ಮಿಡಿಸೌತೆ, ಅಷ್ಟೇ" ಅಂತ ಬರೆದಿದ್ದೀರಲ್ಲ, ನಿಮ್ಮ ಪ್ರಬಂಧ ಅಲ್ಲೇ ಇದೆ.

ಈ ಮಿಡಿಸೌತೆ, ಅಂದರೆ ಗರ್ಕಿನ್ ಅನ್ನೋ ಪುಟ್ಟ ಸೌತೆ, ನಮ್ಮವರು ತಿನ್ನುವ ಕಾಯಿಯಲ್ಲ. ಉಪ್ಪುನೀರು ಇಲ್ಲವೇ ವಿನೆಗರ್ ತುಂಬಿದ ಡ್ರಮ್ಮುಗಳಲ್ಲಿ ಅದು ಯುರೋಪಿಗೆ, ಅಮೆರಿಕಕ್ಕೆ, ರಷ್ಯಾಕ್ಕೆ ಹೋಗುತ್ತದೆ. 1990ರ ದಶಕದಿಂದ ಕರ್ನಾಟಕದಲ್ಲಿ ಹರಡಿದ ಕರಾರು ಬೇಸಾಯ ಇದು. ಬೀಜ, ಗೊಬ್ಬರ, ಔಷಧಿಯನ್ನು ಕಂಪನಿಯೇ ಸಾಲವಾಗಿ ಕೊಡುತ್ತದೆ, ಕಾಯಿ ಕೊಂಡಾಗ ಹಿಡಿದುಕೊಳ್ಳುತ್ತದೆ. ಕಾಯಿ ಸಣ್ಣದಾದಷ್ಟೂ ರೇಟು ಜಾಸ್ತಿ. ಒಂದು ದಿನ ಕೀಳದೆ ಬಿಟ್ಟರೆ ದಪ್ಪಗಾಗಿ ಕೆಳಗಿನ ಗ್ರೇಡಿಗೆ ಇಳಿಯುತ್ತದೆ. ಹಾಗಾಗಿ ಕೊಯ್ಲು ಶುರುವಾದ ಮೇಲೆ ಮನೆಯವರು ಹಬ್ಬ, ಮದುವೆ ಅಂತ ಸುಮ್ನೆ ಹೊರಡೋ ಹಾಗಿಲ್ಲ. ಬಗ್ಗಿ, ಎಲೆ ಸರಿಸಿ, ಬೆರಳುದ್ದದ ಕಾಯಿ ಹುಡುಕಿ ಕೀಳುವವರು ಹೆಚ್ಚಾಗಿ ಹೆಂಗಸರು. ದೂರದ ದೇಶದವರ ಊಟದ ರುಚಿ ನಿಮ್ಮೂರಿನ ಹೆಣ್ಣುಮಕ್ಕಳ ಬೆಳಗಿನ ಹೊತ್ತನ್ನು ಗೊತ್ತುಮಾಡುತ್ತಿದೆ. ಇದು ಜಾಗತೀಕರಣ ಅಲ್ಲದೆ ಇನ್ನೇನು?

ಆದರೆ "ಜಾಗತೀಕರಣದಿಂದ ನಿಮ್ಮ ಬದುಕು ಹೇಗೆ ಬದಲಾಗಿದೆ?" ಅಂತ ಮಾತ್ರ ಯಾರನ್ನೂ ಕೇಳಬೇಡಿ. ಪಾಪ, ಯಾರು ತಾನೇ ಏನು ಹೇಳಿಯಾರು? ಕೊಯ್ಲಿನ ದಿನಗಳಲ್ಲಿ ಮನೆಯಲ್ಲಿ ಹಾಲು ಕರೆಯೋರು ಯಾರು? ಮಗು ನೋಡಿಕೊಳ್ಳೋರು ಯಾರು? ದುಡ್ಡು ಯಾರ ಖಾತೆಗೆ ಬೀಳುತ್ತೆ? ಗ್ರೇಡು ಇಳಿಸಿದಾಗ ತಕರಾರು ಮಾಡೋ ಧೈರ್ಯ ಯಾರಿಗಿದೆ? ಯಾವ ಜಾತಿಯವರ ಹೊಲಕ್ಕೆ ಯಾವ ಜಾತಿಯವರು ಕೂಲಿಗೆ ಹೋಗುತ್ತಾರೆ, ಹತ್ತು ವರ್ಷದ ಹಿಂದೆ ಹೇಗಿತ್ತು? ಇಂಥವನ್ನು ಕೇಳಿ. ಆ ಕರಾರು ಪತ್ರವನ್ನೂ ಒಮ್ಮೆ ಕೈಯಲ್ಲಿ ಹಿಡಿದು ಓದಿ. ಅದು ಯಾವ ಭಾಷೆಯಲ್ಲಿದೆ, ಸಹಿ ಹಾಕಿದವರು ಓದಿದ್ದಾರಾ ಅಂತಲೂ ಬರೆದುಕೊಳ್ಳಿ.

ಉತ್ತರ ಮೊದಲೇ ತೀರ್ಮಾನಿಸಿಕೊಂಡು ಹೊಲಕ್ಕೆ ಇಳಿಯಬೇಡಿ. ದುಡ್ಡು ಬಂದ ಕಡೆಯೆಲ್ಲ ಸಮಾಜ ಬದಲಾಗುತ್ತದೆ ಅನ್ನೋದು ನಾವೆಲ್ಲ ಸುಲಭವಾಗಿ ನಂಬುವ ಮಾತು. 1954ರಲ್ಲಿ ಸ್ಕಾರ್ಲೆಟ್ ಎಪ್ಸ್ಟೀನ್ ಎಂಬ ವಿದ್ವಾಂಸೆ ಇಂಗ್ಲೆಂಡಿನಿಂದ ಬಂದು ಮಂಡ್ಯದ ಕಡೆಯ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಒಂದು ಊರಿಗೆ ನಾಲೆ ನೀರು ಬಂದಿತ್ತು, ಕಬ್ಬು ಬೆಳೆದು ಕೈತುಂಬ ದುಡ್ಡು ಕಂಡಿತ್ತು. ಇನ್ನೊಂದು ಒಣ ಊರು. ನೀರು ಬಂದ ಊರಲ್ಲಿ ಒಕ್ಕಲು ಮನೆಗೂ ಕೂಲಿಯವರಿಗೂ ಇದ್ದ ಹಳೇ ಸಂಬಂಧ ಬಹುಮಟ್ಟಿಗೆ ಹಾಗೇ ಉಳಿದಿತ್ತು. ಸಡಿಲವಾಗಿದ್ದು ಒಣ ಊರಲ್ಲಿ! ಅಲ್ಲಿನವರು ಮಂಡ್ಯ ಪೇಟೆಗೆ ಕೆಲಸಕ್ಕೆ, ವ್ಯಾಪಾರಕ್ಕೆ ಹೋಗತೊಡಗಿದ್ದರು. ಎಪ್ಸ್ಟೀನ್ 1970ರಲ್ಲಿ ಅದೇ ಊರುಗಳಿಗೆ ಮತ್ತೆ ಬಂದು ನೋಡಿದರು. ಹಾಗೆಯೇ ನೀವೂ ಮಿಡಿಸೌತೆ ಬೆಳೆಯದ ಮನೆಗಳಿಗೂ ಹೋಗಿ. ಆ ಮನೆಯ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋಗುತ್ತಿರಬಹುದು. ನಿಜವಾದ ಬದಲಾವಣೆ ಅಲ್ಲೇ ಆಗಿದ್ದರೂ ಆಗಿರಬಹುದು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯೋಕೆ ಕೇಂದ್ರ ಸರ್ಕಾರ ಮಿತಿ ಹಾಕಿದಾಗ ಬೆಂಗಳೂರಿನ ರಸ್ತೆಗಿಳಿದು, ಆ ನಿಯಮ ವಾಪಸ್ ಆಗುವಂತೆ ಮಾಡಿದವರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್ ಹೆಂಗಸರೇ.

ಇನ್ನು ಅಪ್ಪನ ಪ್ರಶ್ನೆ. ಅವರಿಗೆ ಆತಂಕ ಇರೋದು ಸಹಜ, ಬೇಜಾರು ಮಾಡಿಕೊಳ್ಳಬೇಡಿ. ಎಂ.ಎ. ಮುಗಿಸಿ ಕೆಸೆಟ್ ಅಥವಾ ನೆಟ್ ಅನ್ನೋ ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸಾದರೆ ಕಾಲೇಜಿನಲ್ಲಿ ಪಾಠ ಮಾಡುವ ದಾರಿ ಇದೆ. ಯುಪಿಎಸ್‌ಸಿ ಪರೀಕ್ಷೆಗೆ ಸಮಾಜಶಾಸ್ತ್ರವನ್ನೇ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. ಸಂಶೋಧನಾ ಸಂಸ್ಥೆಗಳಲ್ಲಿ, ಪತ್ರಿಕೆಗಳಲ್ಲಿ ಹಳ್ಳಿಗೆ ಹೋಗಿ ಕೇಳಿ ಬರೆಯಬಲ್ಲವರಿಗೆ ಕೆಲಸ ಇದೆ. ಕೂಡಲೇ ದೊಡ್ಡ ಸಂಬಳ ಬರುತ್ತೆ ಅಂತ ಮಾತ್ರ ಅವರಿಗೆ ಹೇಳಬೇಡಿ, ಅದು ಸುಳ್ಳಾಗುತ್ತದೆ.

ಪ್ರಬಂಧ ಮುಗಿದ ಮೇಲೆ ನಮಗೂ ಒಂದು ಲೇಖನ ಬರೆದುಕೊಡಿ. ಸಿದ್ಧಾಂತದ ಭಾಗ ಬೇಡ. ಕೊಯ್ಲಿನ ಒಂದು ಪೂರ್ತಿ ದಿನ, ನಸುಕಿನಿಂದ ಲಾರಿ ಹೊರಡೋ ತನಕ ಏನೇನು ಆಯಿತು ಅಂತ ಬರೆಯಿರಿ, ಸಾಕು.