ಹೆರಿಗೆ ರಜೆ ಮುಗಿಯುತ್ತಿದೆ, ಮುಂದೇನು?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನಿಂದ. ಹೊರಗೆ ಜಡಿಮಳೆ, ಒಳಗೆ ಹಸುಗೂಸು, ಗೋಡೆಯ ಕ್ಯಾಲೆಂಡರಿನಲ್ಲಿ ಡ್ಯೂಟಿಗೆ ಹಾಜರಾಗುವ ದಿನ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಮಗುವಿಗೆ ಮೂರೂವರೆ ತಿಂಗಳು, ನಾಲ್ಕೂವರೆ ತುಂಬುವಾಗ ಕೆಲಸಕ್ಕೆ ಹೋಗಬೇಕು. ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಸಂಜೆ ನಾಲ್ಕೂವರೆಗೆ ಮರಳುವುದು. ಎಷ್ಟು ಎದೆಹಾಲು ತೆಗೆದಿಡಬೇಕು? ಮಳೆ ಜೋರಾದರೆ ಇಲ್ಲಿ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಫ್ರೀಜರನ್ನು ನಂಬಬಹುದೇ? (ಗೋಣಿಕೊಪ್ಪಲು)

ಉತ್ತರ: ಮೊದಲು ಲೆಕ್ಕ. ಒಂದರಿಂದ ಆರು ತಿಂಗಳವರೆಗಿನ ಮಗು ದಿನಕ್ಕೆ ಸುಮಾರು 750 ಮಿಲಿ ಎದೆಹಾಲು ಕುಡಿಯುತ್ತದೆ. ಗಂಟೆಗೆ 30 ಮಿಲಿ ಎಂದಿಟ್ಟುಕೊಳ್ಳಿ. ನೀವು ಎಂಟು ಗಂಟೆ ಹೊರಗಿದ್ದರೆ 240 ಮಿಲಿ ಬೇಕು. ನೀವು ಬರುವುದು ತಡವಾದರೆ ಎಂದು ಇನ್ನೊಂದು ಸಲದ 90 ಮಿಲಿ ಸೇರಿಸಿದರೆ 330 ಆಯಿತು. ಮೊದಲ ದಿನಕ್ಕೆ ಇಷ್ಟು ಸಾಕು. ಆಮೇಲೆ ಇವತ್ತು ಶಾಲೆಯಲ್ಲಿ ತೆಗೆದ ಹಾಲು ನಾಳೆಗೆ. ತಿಂಗಳಿಗಾಗುವಷ್ಟು ಹಾಲು ಕೂಡಿಡಬೇಕೆಂದು ಪ್ರತಿ ಸಲ ಕುಡಿಸಿದ ಮೇಲೂ ಪಂಪ್ ಹಚ್ಚುವವರಿದ್ದಾರೆ. ಎದೆ ಅದನ್ನು ಬೇಡಿಕೆ ಎಂದೇ ತಿಳಿಯುತ್ತದೆ, ಹಾಲು ಅತಿಯಾಗುತ್ತದೆ, ಕೆಲಸಕ್ಕೆ ಸೇರಿದ ವಾರವೇ ಎದೆ ಕಲ್ಲಾಗುತ್ತದೆ.

ಎರಡು ವಾರ ಮೊದಲು ಶುರು ಮಾಡಿ. ಬೆಳಗಿನ ಮೊದಲ ಹಾಲು ಕುಡಿಸಿ ಒಂದು ಗಂಟೆ ಬಿಟ್ಟು, ದಿನಕ್ಕೆ ಒಂದೇ ಸಲ. ಆರಂಭದಲ್ಲಿ 15–20 ಮಿಲಿ ಬಂದರೆ ಹಾಲು ಕಡಿಮೆಯಾಯಿತು ಎಂದು ಅಳಬೇಡಿ. ಅದು ಮಗು ಕುಡಿದು ಉಳಿದದ್ದು. ಶಾಲೆಯಲ್ಲಿ ಮೂರು ಗಂಟೆಯ ಅಂತರದಲ್ಲಿ ತೆಗೆದಾಗ ಬರುವ ಪ್ರಮಾಣವೇ ಬೇರೆ.

ಕೈಯಿಂದ ಹಿಂಡಲು ಕಲಿತಿರಿ. ಪಂಪ್ ಕೆಟ್ಟರೂ ಕರೆಂಟ್ ಹೋದರೂ ಕೈ ಇರುತ್ತದೆ. ಸೋಪು ಹಚ್ಚಿ ಕೈ ತೊಳೆದು, ಹೆಬ್ಬೆರಳನ್ನು ತೊಟ್ಟಿನ ಮೇಲೂ ತೋರುಬೆರಳನ್ನು ಕೆಳಗೂ, ತೊಟ್ಟಿನಿಂದ ಎರಡು ಬೆರಳಗಲ ಹಿಂದೆ ಇಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳೆರಡನ್ನೂ ಕೂಡಿಸಿ ಅದುಮಿ, ಬಿಡಿ. ಇದೇ ಲಯದಲ್ಲಿ ಮುಂದುವರಿಸಿ. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಎಳೆಯಲೂಬಾರದು. ಒಂದೆರಡು ನಿಮಿಷ ಹನಿ ಮಾತ್ರ ಬರುತ್ತದೆ, ಬಳಿಕ ಎಳೆಎಳೆಯಾಗಿ ಚಿಮ್ಮುತ್ತದೆ. ಹರಿವು ಕುಗ್ಗಿದಾಗ ಇನ್ನೊಂದು ಎದೆ. ಹೀಗೆ ಬದಲಿಸುತ್ತ ಒಟ್ಟು 20–30 ನಿಮಿಷ. ಪಂಪ್ ಬಳಸುವುದಾದರೆ ಅದರ ಕೊಳವೆಯ ಬಾಯಿ ಅಳತೆಗೆ ಸರಿಯಿರಬೇಕು. ತೊಟ್ಟು ಪಕ್ಕಕ್ಕೆ ಉಜ್ಜಿ ಬೆಳ್ಳಗಾದರೆ ಬಾಯಿ ಚಿಕ್ಕದು, ಸುತ್ತಲಿನ ಕಪ್ಪು ಭಾಗವೂ ಒಳಗೆ ಎಳೆದುಕೊಂಡರೆ ದೊಡ್ಡದು. ಎಳೆತ ಜೋರಾಗಿ ಇಟ್ಟರೆ ನೋವು ಹೆಚ್ಚೀತು, ಹಾಲು ಹೆಚ್ಚುವುದಿಲ್ಲ.

60–90 ಮಿಲಿಯ ಸಣ್ಣ ಪಾತ್ರೆಗಳಲ್ಲಿ ಮುಚ್ಚಿ, ದಿನಾಂಕ, ಗಂಟೆ ಬರೆದಿಡಿ. ಹೊರಗೆ 25 ಡಿಗ್ರಿಯೊಳಗೆ ನಾಲ್ಕು ಗಂಟೆ ಇರುತ್ತದೆ. ಮಳೆಗಾಲದ ಮಡಿಕೇರಿಯ ಕೋಣೆ ಇದಕ್ಕಿಂತ ತಂಪು, ಆದರೆ ಒಲೆ ಪಕ್ಕದ ಅಡುಗೆಮನೆ ಹಾಗಲ್ಲ. ಫ್ರಿಜ್ಜಿನ ಹಿಂಬದಿಯಲ್ಲಿ ನಾಲ್ಕು ದಿನ. ಬಾಗಿಲಿನ ಅರೆಯಲ್ಲಿ ಇಡಬೇಡಿ, ತೆರೆದಾಗಲೆಲ್ಲ ಬೆಚ್ಚಗಾಗುತ್ತದೆ. ಬೇರೆ ಬಾಗಿಲಿರುವ ಫ್ರೀಜರಿನಲ್ಲಿ ಆರು ತಿಂಗಳು. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಪುಟ್ಟ ಐಸ್ ಪೆಟ್ಟಿಗೆಯಾದರೆ ಎರಡು ವಾರಕ್ಕಿಂತ ಹೆಚ್ಚು ಬೇಡ. ಹೆಪ್ಪುಗಟ್ಟುವಾಗ ಹಾಲು ಉಬ್ಬುವುದರಿಂದ ಪಾತ್ರೆಯ ಮೇಲ್ಭಾಗ ಸ್ವಲ್ಪ ಖಾಲಿ ಬಿಡಿ. ಕರಗಿಸಲು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ, ಬೆಳಗ್ಗೆ ಬೆಚ್ಚಗಿನ ನೀರಿನ ಬಟ್ಟಲಿನಲ್ಲಿ ನಿಲ್ಲಿಸಿ. ಒಲೆಯ ಮೇಲೂ ಬೇಡ, ಮೈಕ್ರೊವೇವ್‌ನಲ್ಲೂ ಬೇಡ. ಕರಗಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು. ಮಗು ಕುಡಿದು ಮಿಕ್ಕಿದ್ದನ್ನು ಎರಡು ಗಂಟೆಯ ಮೇಲೆ ಇಡಬಾರದು. ಮೇಲೆ ಕೆನೆ ಕಟ್ಟಿದರೆ ಕೆಟ್ಟಿತೆಂದಲ್ಲ, ಮೆಲ್ಲನೆ ಅಲುಗಿಸಿದರೆ ಬೆರೆಯುತ್ತದೆ.

ಇನ್ನು ಕರೆಂಟ್. ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ತಂಪು ನಾಲ್ಕು ಗಂಟೆ ನಿಲ್ಲುತ್ತದೆ, ತುಂಬಿದ ಫ್ರೀಜರಿನದು 48 ಗಂಟೆ, ಅರ್ಧ ತುಂಬಿದ್ದರೆ 24. ಹಾಗಾಗಿ ಖಾಲಿ ಜಾಗದಲ್ಲೆಲ್ಲ ನೀರಿನ ಬಾಟಲಿ ಹೆಪ್ಪುಗಟ್ಟಿಸಿಡಿ. ಒಂದು ಲೋಟ ನೀರನ್ನೂ ಹೆಪ್ಪುಗಟ್ಟಿಸಿ ಅದರ ಮೇಲೆ ನಾಣ್ಯ ಇಡಿ. ನೀವಿಲ್ಲದಾಗ ಕರೆಂಟ್ ಹೋಗಿ ಬಂದಿದ್ದರೆ ನಾಣ್ಯ ಹೇಳುತ್ತದೆ: ಮೇಲೆಯೇ ಇದ್ದರೆ ಹಾಲು ಕರಗಿಲ್ಲ, ತಳಕ್ಕೆ ಇಳಿದಿದ್ದರೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ, ಚೆಲ್ಲಿಬಿಡಿ. ಹಾಲಿನಲ್ಲಿ ಐಸಿನ ಹರಳು ಇನ್ನೂ ಉಳಿದಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು. ಐಸ್ ಪ್ಯಾಕ್ ತುಂಬಿದ ಪೆಟ್ಟಿಗೆಯಲ್ಲಿ 24 ಗಂಟೆ ಕಾಯ್ದಿಡಬಹುದು. ಶಾಲೆಯಿಂದ ತರಲೂ ಅದೇ ಸಾಕು.

ಪ್ರಶ್ನೆ: ಮಗು ಬಾಟಲಿ ಮುಟ್ಟುವುದಿಲ್ಲ. ಅತ್ತೆ ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲು) ಕುಡಿಸೋಣ ಎನ್ನುತ್ತಾರೆ. ಉಸಿರು ಕಟ್ಟೀತೆಂದು ನನಗೆ ಭಯ. (ಸೋಮವಾರಪೇಟೆ)

ಉತ್ತರ: ನಿಮ್ಮ ಅತ್ತೆ ಹೇಳುವುದು ಸರಿ. ಒಳಲೆ ತೊಳೆಯಲು ಬಾಟಲಿಗಿಂತ ಸುಲಭ, ಮಗು ಎದೆ ಬಿಡುವ ಸಂಭವವೂ ಕಡಿಮೆ. ನಿಮ್ಮ ಭಯಕ್ಕೂ ಕಾರಣವಿದೆ. ಮಗುವನ್ನು ಅಂಗಾತ ಮಲಗಿಸಿ ಗಂಟಲಿಗೆ ಸುರಿಯುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಹಾಲು ಶ್ವಾಸನಾಳಕ್ಕೆ ಹೋಗುವುದು ಆಗಲೇ. ಮೂಗು ಹಿಡಿದು ಬಾಯಿ ತೆರೆಸುವುದನ್ನಂತೂ ಯಾರೂ ಮಾಡಕೂಡದು.

ತಲೆ ಎತ್ತರದಲ್ಲಿರುವಂತೆ ಮಗುವನ್ನು ತೊಡೆಯ ಮೇಲೆ ಒರಗಿಸಿ, ಕೈಗಳನ್ನು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ. ಒಳಲೆಯನ್ನು ಅರ್ಧ ಮಾತ್ರ ತುಂಬಿ, ಮೂತಿಯನ್ನು ಕೆಳತುಟಿಯ ಮೇಲೆ, ಬಾಯಿಯ ಮೂಲೆಯ ಹತ್ತಿರ ಇಟ್ಟು, ಹಾಲು ತುಟಿಗೆ ತಾಗುವಷ್ಟೇ ಬಗ್ಗಿಸಿ. ನಾಲಗೆ ಚಾಚಿ ಮಗುವೇ ಎಳೆದುಕೊಳ್ಳುತ್ತದೆ. ನುಂಗಿದ್ದು ಕಂಡ ಮೇಲೆ ಮುಂದಿನ ಗುಟುಕು. ಮುಖ ತಿರುಗಿಸಿದರೆ ಸಾಕು ಎಂದರ್ಥ. ಪ್ರತಿ ಸಲ ಮೂತಿಯ ಸಂದಿಯನ್ನು ಬ್ರಷ್‌ನಿಂದ ಉಜ್ಜಿ, ಐದು ನಿಮಿಷ ನೀರಿನಲ್ಲಿ ಕುದಿಸಿ. ಕೆತ್ತನೆಯಿಲ್ಲದ ಸ್ಟೀಲಿನ ಒಳಲೆ ಒಳ್ಳೆಯದು.

ಅಭ್ಯಾಸವನ್ನು ಹತ್ತು ದಿನ ಮೊದಲೇ ಮಾಡಿಸಿ. ಹಸಿದು ಕಿರುಚುವಾಗ ಅಲ್ಲ, ಎಚ್ಚರವಾಗಿ ಆಡುತ್ತಿರುವಾಗ. ಕುಡಿಸುವವರು ನೀವಾಗಬಾರದು, ಆ ಕೋಣೆಯಲ್ಲೂ ಇರಬಾರದು. ಅಮ್ಮನ ವಾಸನೆ ಬಂದರೆ ಕೂಸು ಒಳಲೆಗೆ ಒಪ್ಪದಿರಬಹುದು. ಕೆಲವು ಮಕ್ಕಳು ಹಗಲು ಸ್ವಲ್ಪವೇ ಕುಡಿದು ರಾತ್ರಿಯೆಲ್ಲ ಎದೆಗೆ ಅಂಟಿಕೊಳ್ಳುತ್ತವೆ. 24 ಗಂಟೆಯಲ್ಲಿ ಆರು ಸಲ ಉಚ್ಚೆ ಹೊಯ್ದಿದ್ದರೆ, ತೂಕ ಏರುತ್ತಿದ್ದರೆ ಚಿಂತೆ ಬೇಡ.

ಪ್ರಶ್ನೆ: ನನ್ನ ತಂಗಿ ದೊಡ್ಡದೊಂದು ಕಾಫಿ ತೋಟದಲ್ಲಿ ದಿನಗೂಲಿ. ಮಸ್ಟರ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ಹೆಸರಿದೆ. ಇದು ಮೊದಲ ಹೆರಿಗೆ, ತಾಯಿ ಕಾರ್ಡಿನಲ್ಲಿ ಜುಲೈ 10 ಎಂದಿದೆ. ಕಾಯಂ ಅಲ್ಲದವರಿಗೆ ಸಂಬಳದ ರಜೆ ಇಲ್ಲ ಎಂದು ತೋಟದ ರೈಟರ್ (ಗುಮಾಸ್ತರು) ಹೇಳುತ್ತಾರೆ. ನಿಜವೇ? (ಸಿದ್ದಾಪುರ)

ಉತ್ತರ: ನಿಜವಲ್ಲ. ಹೆರಿಗೆ ಸೌಲಭ್ಯ ದಿನಗೂಲಿ ಮಸ್ಟರ್‌ನಲ್ಲಿರುವ ಹೆಂಗಸರಿಗೂ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಷ್ಟೇ ಇದೆ. ಈಗಾಗಲೇ ಇಬ್ಬರು ಮಕ್ಕಳಿದ್ದವರಿಗೆ 12 ವಾರ. ಅರ್ಹತೆ ಒಂದೇ: ಹೆರಿಗೆಯ ನಿರೀಕ್ಷಿತ ದಿನದ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಸಂಬಳದ ರಜಾದಿನಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಬಿಡದೆ ಕಾಫಿ ಕೊಯ್ದಿದ್ದರೆ ಅದರಲ್ಲೇ 80 ಹತ್ತಿರ ಬಂದಿರುತ್ತದೆ. ಮಸ್ಟರ್ ಪುಟದ, ಸಂಬಳ ಚೀಟಿಯ ಫೋಟೊ ಇವತ್ತೇ ತೆಗೆದಿಟ್ಟುಕೊಳ್ಳಲಿ.

ರಜೆ ಯಾವಾಗ ಶುರು ಮಾಡುತ್ತಾರೆ ಎಂಬುದರ ಮೇಲೆ ಮಗುವಿನ ಜೊತೆ ಸಿಗುವ ದಿನ ನಿಂತಿದೆ. ಹೆರಿಗೆಗೆ ಮೊದಲು ಹೆಚ್ಚೆಂದರೆ ಎಂಟು ವಾರ ತೆಗೆದುಕೊಳ್ಳಬಹುದು. ಮೇ 15ಕ್ಕೆ ಶುರು ಮಾಡಿದರೆ 182 ದಿನ ನವೆಂಬರ್ 12ಕ್ಕೆ ಮುಗಿಯುತ್ತದೆ. ಆರೋಗ್ಯ ಸರಿಯಿದ್ದು ಜೂನ್ 26ಕ್ಕೆ ಶುರು ಮಾಡಿದರೆ ಡಿಸೆಂಬರ್ 24ರವರೆಗೆ ಇರುತ್ತದೆ. ಹೆರಿಗೆಯ ನಂತರದ ಆರು ವಾರ ಯಾರೂ ಅವರಿಂದ ಕೆಲಸ ಮಾಡಿಸುವಂತಿಲ್ಲ.

ಅರ್ಜಿಯಲ್ಲಿ ರಜೆ ಶುರುವಾಗುವ ದಿನ, ಹಣ ಯಾರ ಕೈಗೆ ಕೊಡಬೇಕು ಎಂಬುದು ಇರಲಿ. ಎರಡು ಪ್ರತಿ ಬರೆದು, ಒಂದಕ್ಕೆ ಕಚೇರಿಯ ಸೀಲು, ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬರುವುದೇ ಹೆಚ್ಚಿನವರು ಮಾಡುವ ತಪ್ಪು. ಹಿಂದಿನ ಮೂರು ತಿಂಗಳ ಸರಾಸರಿ ದಿನಗೂಲಿಯೇ ರಜೆಯ ದರ. ಹೆರಿಗೆಗೆ ಮೊದಲಿನ ಪಾಲನ್ನು ಮುಂಗಡವಾಗಿ, ಉಳಿದದ್ದನ್ನು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ ಕೊಡಬೇಕು. ತೋಟದವರು ಉಚಿತ ವೈದ್ಯಕೀಯ ಆರೈಕೆ ಕೊಡದಿದ್ದರೆ 3,500 ರೂಪಾಯಿ ಬೇರೆ. ರಜೆಯಲ್ಲಿರುವಾಗ ಹೆಸರು ತೆಗೆದುಹಾಕುವುದು ಕಾನೂನುಬಾಹಿರ. ನಿರಾಕರಿಸಿದರೆ ಮಡಿಕೇರಿಯ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಲಿಖಿತ ದೂರು ಕೊಡಿ.

ಕೆಲಸಕ್ಕೆ ಮರಳಿದ ಮೇಲೂ ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಅವರ ಹಕ್ಕು. ಇದು ಊಟದ ಬಿಡುವಲ್ಲದೆ ಬೇರೆ. 50 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಶಿಶುಪಾಲನಾ ಕೇಂದ್ರವೂ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಬರಲು ಬಿಡಬೇಕು. ಸುತ್ತಮುತ್ತ ಅಂಥದ್ದಿಲ್ಲದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ತೆರೆದಿದೆಯೇ ವಿಚಾರಿಸಿ.

ಪ್ರಶ್ನೆ: ಕೆಲಸಕ್ಕೆ ಸೇರಿ ನಾಲ್ಕು ದಿನ. ಎಡ ಎದೆಯಲ್ಲಿ ಗಂಟು, ಮುಟ್ಟಿದರೆ ನೋವು. ಉಜ್ಜಿ ಕರಗಿಸಿ ಎನ್ನುತ್ತಾರೆ. (ಕುಶಾಲನಗರ)

ಉತ್ತರ: ಜೋರಾಗಿ ಉಜ್ಜಬೇಡಿ, ಒಳಗಿನ ಊತ ಹೆಚ್ಚುತ್ತದೆ. ಗಂಟು ಎಂದರೆ ಅಲ್ಲಿ ಹಾಲಿನ ನಾಳದ ಸುತ್ತ ಊದಿಕೊಂಡಿದೆ ಎಂದು. ಮಗುವಿಗೆ ಎಂದಿನಂತೆ ಕುಡಿಸಿ, ಕುಡಿಸಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡಿ, ಬಿಗಿ ಬ್ರಾ ಬಿಡಿ. ಖಾಲಿ ಮಾಡುತ್ತೇನೆಂದು ಗಂಟೆಗೊಮ್ಮೆ ಪಂಪ್ ಮಾಡುವುದೂ ತಪ್ಪು. ಕೆಂಪಾಗಿ ಜ್ವರ, ಚಳಿ ಬಂದರೆ, ಅಥವಾ 24 ಗಂಟೆಯಲ್ಲಿ ಇಳಿಯದಿದ್ದರೆ ವೈದ್ಯರ ಬಳಿ ಹೋಗಿ. ಹಾಲುಣಿಸುವಾಗ ತೆಗೆದುಕೊಳ್ಳಬಹುದಾದ ಆಂಟಿಬಯೋಟಿಕ್‌ಗಳಿವೆ, ಎದೆ ಬಿಡಿಸಬೇಕಿಲ್ಲ. ಇದು ಬಂದದ್ದು ಬಹುಶಃ ಕಚೇರಿಯಲ್ಲಿ ಐದಾರು ಗಂಟೆ ಹಾಲು ತೆಗೆಯದೆ ಇದ್ದುದರಿಂದ. ಮೂರು ಗಂಟೆಗೊಮ್ಮೆ ತೆಗೆಯಿರಿ. ಶೌಚಾಲಯದಲ್ಲಿ ಬೇಡವೇ ಬೇಡ. ಚಿಲಕವಿರುವ ಒಂದು ಕೋಣೆ, ಒಂದು ಕುರ್ಚಿ ಕೇಳಿ ಪಡೆಯಿರಿ.

ಪ್ರಶ್ನೆ: ಆಗಸ್ಟ್‌ನಲ್ಲಿ ಮಗುವಿಗೆ ಆರು ತಿಂಗಳು. ರಾಗಿ ಸರಿ ಪುಡಿ ಮಾಡಿಟ್ಟು ಕೆಲಸಕ್ಕೆ ಹೋಗೋಣವೆಂದರೆ ಈ ಮಳೆಯಲ್ಲಿ ಮೊಳಕೆ ರಾಗಿ ಒಣಗುವುದೇ ಇಲ್ಲ, ಮುಗ್ಗಲು ವಾಸನೆ. (ನಾಪೋಕ್ಲು)

ಉತ್ತರ: ಮುಗ್ಗಲು ಬಂದದ್ದನ್ನು ಎಸೆಯಿರಿ. ಹುರಿದರೂ ಬೂಷ್ಟಿನ ವಿಷ ಹೋಗುವುದಿಲ್ಲ. ಮುಂದಿನ ಸಲ ಅರ್ಧ ಕಿಲೋ ಮಾತ್ರ ಮಾಡಿ. ನಾಲ್ಕೈದು ನೀರಿನಲ್ಲಿ ತೊಳೆದು, ಕಲ್ಲು ಗಾಳಿಸಿ, ಎಂಟು ಗಂಟೆ ನೆನೆಸಿ. ಬಟ್ಟೆಗೆ ಕಟ್ಟುವ ಮುಂಚೆ ಜರಡಿಯಲ್ಲಿ ಒಂದು ಗಂಟೆ ನೀರು ಬಸಿಯಲು ಬಿಡಿ. ಗಂಟು ಲೋಳೆಯಾಗುವುದು ಈ ಹೆಜ್ಜೆ ಬಿಟ್ಟದ್ದರಿಂದಲೇ. ಬಯಲುಸೀಮೆಯಲ್ಲಿ ಒಂದು ದಿನಕ್ಕೆ ಬರುವ ಮೊಳಕೆಗೆ ಇಲ್ಲಿ ಒಂದೂವರೆ, ಎರಡು ದಿನ ಬೇಕು. ಕಾಳಿನಷ್ಟು ಉದ್ದ ಬಂದರೆ ಸಾಕು, ಹೆಚ್ಚು ಬೆಳೆದರೆ ಬೇರು ಹೆಣೆದುಕೊಂಡು ನೀರು ಹಿಡಿಯುತ್ತದೆ. ಒಣ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಫ್ಯಾನಿನ ಕೆಳಗೆ ಐದಾರು ಗಂಟೆ ಇಟ್ಟು, ಆಮೇಲೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಒಂದೊಂದು ಹಿಡಿಯಾಗಿ ಹುರಿಯಿರಿ. ಕಾಳು ಹಲ್ಲಿಗೆ ಕಟ್ಟೆಂದು ಮುರಿದರೆ ಒಣಗಿದೆ, ಅಂಟಿದರೆ ಇನ್ನೂ ಇಲ್ಲ. ಪೂರ್ತಿ ಆರಿದ ಮೇಲೆ ಮಿಲ್ಲಿಗೆ ಒಯ್ಯಿರಿ. ಖಾರದಪುಡಿ ಮಾಡಿದ ಯಂತ್ರಕ್ಕೆ ಹಾಕಿಸಬೇಡಿ. ತೆಳು ಬಟ್ಟೆಯಲ್ಲಿ ಸೋಸಿ, ಸಣ್ಣ ಡಬ್ಬಿಗಳಲ್ಲಿ ಇಡಿ.

ಒಂದು ದೊಡ್ಡ ಚಮಚ ಪುಡಿಯನ್ನು ಮುಕ್ಕಾಲು ಲೋಟ ತಣ್ಣೀರಿನಲ್ಲಿ ಕದಡಿ, ಕೈಯಾಡಿಸುತ್ತ ಐದರಿಂದ ಏಳು ನಿಮಿಷ ಬೇಯಿಸಿ. ಚಮಚ ಓರೆ ಮಾಡಿದರೆ ಸುರಿಯಬಾರದು, ಮೆಲ್ಲನೆ ಜಾರಬೇಕು. ಮೊದಮೊದಲು ದಿನಕ್ಕೆರಡು ಸಲ, ಎರಡು ಮೂರು ಚಮಚ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ; ಮನೆಯ ಕಾಡುಜೇನೇ ಆದರೂ ಜೇನುತುಪ್ಪ ನೆಕ್ಕಿಸಬೇಡಿ. ಬೆಳಗ್ಗೆ ಬೇಯಿಸಿದ್ದನ್ನು ಮಧ್ಯಾಹ್ನಕ್ಕೆ ಇಡದೆ, ನೋಡಿಕೊಳ್ಳುವವರಿಗೆ ಅಳತೆ ತೋರಿಸಿಕೊಟ್ಟು ಹೋಗಿ.

ಪ್ರಶ್ನೆ: ರಜೆ ಮುಗಿಯುವ ದಿನ ಹತ್ತಿರ ಬಂದಂತೆ ಸುಮ್ಮನೆ ಅಳು ಬರುತ್ತದೆ. ಮಗು ಮಲಗಿದರೂ ನನಗೆ ನಿದ್ದೆಯಿಲ್ಲ. ಇದು ಬಾಣಂತಿ ಸನ್ನಿಯೇ? (ವಿರಾಜಪೇಟೆ)

ಉತ್ತರ: ಹೆರಿಗೆಯಾದ ಎರಡು ವಾರದೊಳಗಿನ ಅಳು ತಾನಾಗಿ ಹೋಗುತ್ತದೆ. ಆಮೇಲೂ ಎರಡು ವಾರಕ್ಕಿಂತ ಹೆಚ್ಚು ಉಳಿದರೆ, ಮಗು ಮಲಗಿದ್ದಾಗಲೂ ನಿದ್ದೆ ಬಾರದಿದ್ದರೆ ಅದು ಖಿನ್ನತೆಯಿರಬಹುದು. ಅದಕ್ಕೆ ಚಿಕಿತ್ಸೆಯಿದೆ, ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಸನ್ನಿ ಬೇರೆ: ಇಲ್ಲದ ದನಿ ಕೇಳುವುದು, ವಿಪರೀತ ಅನುಮಾನ, ಮಾತು ತಾಳತಪ್ಪುವುದು. ಅದು ಕಂಡರೆ ಅಥವಾ ಪ್ರಾಣ ಕಳೆದುಕೊಳ್ಳುವ, ಮಗುವಿಗೆ ಏನಾದರೂ ಮಾಡುವ ಯೋಚನೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಒಂಟಿಯಾಗಿ ಇರಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ಇವತ್ತೇ ಮಾಡಿ. ಮನೆಯವರೂ ಈ ಉತ್ತರ ಓದಲಿ.

ಪ್ರಶ್ನೆ: ಹಾಲುಣಿಸುವವರು ಬೆಲ್ಲದ ಕಾಫಿ ಕುಡಿಯಬಹುದೇ? ಕೆಲಸಕ್ಕೆ ಸೇರಿದ ಮೇಲೆ ಬಿಟ್ಟಿರಲು ಆಗುತ್ತಿಲ್ಲ. (ಪೊನ್ನಂಪೇಟೆ)

ಉತ್ತರ: ಕುಡಿಯಿರಿ, ದಿನಕ್ಕೆ ಎರಡು ಲೋಟ. ಆದರೆ ಯಾವ ಪುಡಿ ಎಂದು ನೋಡಿ. ರೊಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಇಮ್ಮಡಿ ಕೆಫೀನ್ ಇರುತ್ತದೆ. ತೋಟದ ರೊಬಸ್ಟಾವನ್ನೇ ಹುರಿದು ಪುಡಿ ಮಾಡಿದ್ದಾದರೆ ಒಂದೇ ಲೋಟ, ಅದೂ ತೆಳ್ಳಗೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಬೆರಸಿದಷ್ಟೂ ಅಂಶ ತಗ್ಗುತ್ತದೆ. ಎಳೆಗೂಸಿನ ಮೈಯಿಂದ ಕೆಫೀನ್ ಹೊರಹೋಗಲು ದಿನಗಳೇ ಹಿಡಿಯುತ್ತವೆ, ಆರು ತಿಂಗಳ ಹೊತ್ತಿಗೆ ಬೇಗ ಹೋಗುತ್ತದೆ. ಮಗು ನಿದ್ದೆಗೆಟ್ಟು ಚಡಪಡಿಸಿದರೆ ವಾರ ಬಿಟ್ಟು ನೋಡಿ. ಕುಡಿಯುವುದಾದರೆ ಹಾಲೂಡಿಸಿದ ಕೂಡಲೇ ಕುಡಿಯಿರಿ, ಮುಂದಿನ ಹಾಲಿನ ಹೊತ್ತಿಗೆ ಅಂಶ ಇಳಿಯುತ್ತ ಬಂದಿರುತ್ತದೆ.